ಎಲ್ಲರೂ ಮೆಚ್ಚಿದ ಸಿನಿಮಾಕ್ಕೆ ದೊಡ್ಡ ಪ್ರಶಸ್ತಿ ಯಾಕೆ ಸಿಗಲ್ಲ?

1939ರ ಫೆಬ್ರುವರಿಯಲ್ಲಿ ನಡೆದ ಆಸ್ಕರ್ ಸಮಾರಂಭದಲ್ಲಿ ವಾಲ್ಟ್ ಡಿಸ್ನಿ ಕೈಗೆ ಒಂದು ಅಪರೂಪದ ಪ್ರಶಸ್ತಿ ಬಂತು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಒಂದು ಪೀಠ. ಅದರ ಮೇಲೆ ಮಾಮೂಲಿ ಅಳತೆಯ ಒಂದು ಆಸ್ಕರ್ ಪ್ರತಿಮೆ. ಪಕ್ಕದಲ್ಲಿ ಸಾಲಾಗಿ ಏಳು ಪುಟಾಣಿ ಪ್ರತಿಮೆಗಳು. ಡಿಸ್ನಿಯ ಅನಿಮೇಷನ್ ಚಿತ್ರದ 'ಸ್ನೋ ವೈಟ್' ಮತ್ತು ಅವಳ ಏಳು ಕುಳ್ಳರ ಲೆಕ್ಕ ಅದು. ವೇದಿಕೆಯಲ್ಲಿ ಅದನ್ನು ಕೊಟ್ಟವಳು ಆಗಿನ್ನೂ 10 ವರ್ಷದ ಬಾಲನಟಿ ಶರ್ಲಿ ಟೆಂಪಲ್.

ತುಂಬಾ ಮುದ್ದಾದ ಪ್ರಶಸ್ತಿ. ಆದರೆ ಅದು ಗೌರವಕ್ಕೆ ಅಂತ ಕೊಟ್ಟದ್ದು. ಬೇರೆ ಸಿನಿಮಾಗಳ ಜೊತೆ ಸ್ಪರ್ಧಿಸಿ ಗೆದ್ದದ್ದಲ್ಲ. ಜನ ಮುಗಿಬಿದ್ದು ನೋಡಿದ ಆ ಸಿನಿಮಾದ ಹೆಸರು ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿ ಇರಲೇ ಇಲ್ಲ.

ಅದಾಗಿ 85 ವರ್ಷಕ್ಕೂ ಜಾಸ್ತಿ ಕಳೆದಿದೆ. ಇವತ್ತಿನವರೆಗೆ ಒಂದೇ ಒಂದು ಅನಿಮೇಷನ್ ಚಿತ್ರವೂ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದಿಲ್ಲ. ಆ ಪಟ್ಟಿಯೊಳಗೆ ಕಾಲಿಟ್ಟಿರೋದೇ ಮೂರು. 1991ರ 'ಬ್ಯೂಟಿ ಅಂಡ್ ದ ಬೀಸ್ಟ್', 2009ರ 'ಅಪ್', 2010ರ 'ಟಾಯ್ ಸ್ಟೋರಿ 3'. ಕೋಟಿಗಟ್ಟಲೆ ಜನ ನೋಡುವ ಭಾರೀ ಬಜೆಟ್ ಸಿನಿಮಾಗಳ ಪಾಡು ಇಷ್ಟು ಕೆಟ್ಟದ್ದಲ್ಲ, ಆದರೂ ಅವು ಎಡವಿದ್ದೇ ಜಾಸ್ತಿ.

ಇದಕ್ಕೆ ಎಲ್ಲರ ಬಾಯಲ್ಲೂ ಒಂದು ಸಿದ್ಧ ಉತ್ತರ ಇದೆ. ವಿಮರ್ಶಕರಿಗೆ ಜಂಬ, ಪ್ರಶಸ್ತಿ ಕೊಡೋರಿಗೆ ಜನರ ರುಚಿ ಗೊತ್ತಿಲ್ಲ ಅಂತ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಓಟು ಹೇಗೆ ಎಣಿಸುತ್ತಾರೆ ಅಂತ ಒಮ್ಮೆ ಕೂತು ನೋಡಿದರೆ, ಉತ್ತರದ ದೊಡ್ಡ ಪಾಲು ಅಲ್ಲೇ ಸಿಗುತ್ತದೆ. ಮೆಚ್ಚುಗೆಗೆ ಅಗಲ ಅಂತ ಒಂದಿದೆ, ಆಳ ಅಂತ ಒಂದಿದೆ. ಎಷ್ಟು ಜನರಿಗೆ ಇಷ್ಟವಾಯಿತು ಅನ್ನೋದು ಅಗಲ. ಒಬ್ಬೊಬ್ಬರಿಗೆ ಎಷ್ಟು ಇಷ್ಟವಾಯಿತು ಅನ್ನೋದು ಆಳ. ಈ ಎರಡನ್ನೂ ಬೇರೆ ಬೇರೆ ಕಡೆ ಬೇರೆ ಬೇರೆ ರೀತಿಯಲ್ಲಿ ಅಳೆಯುತ್ತಾರೆ. ಗೊಂದಲ ಹುಟ್ಟೋದೇ ಅಲ್ಲಿ.

ಶೇಕಡಾ 100 ಅಂದರೆ ಏನು?

ಹೊಸ ಸಿನಿಮಾ ಬಂದ ತಕ್ಷಣ ಫೋನಿನಲ್ಲಿ ಹರಿದಾಡುವ ಶೇಕಡಾ ಅಂಕಿ ಸಾಮಾನ್ಯವಾಗಿ ರಾಟನ್ ಟೊಮೆಟೋಸ್‌ನದ್ದು. 1998ರಲ್ಲಿ ಶುರುವಾದ ಜಾಲತಾಣ ಅದು. ಶೇ 92 ಅಂತ ಕಂಡ ಕೂಡಲೇ ನಮ್ಮ ತಲೆಗೆ ಬರೋದು ಪರೀಕ್ಷೆಯ ಮಾರ್ಕ್ಸ್. ನೂರಕ್ಕೆ 92 ತೆಗೆದ ಸಿನಿಮಾ ಅಂತ ಓದಿಕೊಳ್ಳುತ್ತೇವೆ. ಅಲ್ಲೇ ತಪ್ಪೋದು. ಪ್ರತಿ ವಿಮರ್ಶೆಯನ್ನೂ ಅವರು ಎರಡೇ ಗುಂಪಿಗೆ ಹಾಕುತ್ತಾರೆ. ಒಂದೋ ಒಪ್ಪಿಗೆ, ಇಲ್ಲವೋ ಇಲ್ಲ. ನೂರು ವಿಮರ್ಶಕರಲ್ಲಿ ಎಷ್ಟು ಜನ ಒಪ್ಪಿದರು ಅನ್ನೋದೇ ಆ ಅಂಕಿ. ಶೇ 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕೆಂಪು ಟೊಮೆಟೊ, ಅಂದರೆ ಚೆನ್ನಾಗಿದೆ ಅನ್ನುವ ಗುರುತು.

ಎರಡು ಸಿನಿಮಾ ಇವೆ ಅಂತ ಇಟ್ಟುಕೊಳ್ಳಿ. ಮೊದಲನೆಯದನ್ನು 100 ವಿಮರ್ಶಕರು ನೋಡಿದರು. ಎಲ್ಲರೂ 'ಪರವಾಗಿಲ್ಲ, ಚೆನ್ನಾಗಿದೆ' ಅಂತ ಹತ್ತಕ್ಕೆ 6 ಕೊಟ್ಟರು. ಎಲ್ಲರೂ ಒಪ್ಪಿದ್ದರಿಂದ ಅದರ ಅಂಕಿ ಶೇ 100. ಎರಡನೆಯದಕ್ಕೆ 70 ಜನ ಕುಣಿದಾಡಿ ಹತ್ತಕ್ಕೆ 9 ಕೊಟ್ಟರು, ಉಳಿದ 30 ಜನ ಬೇಡ ಅಂತ 5 ಕೊಟ್ಟರು. ಅದರ ಅಂಕಿ ಶೇ 70. ಈಗ ಸರಾಸರಿ ತೆಗೆದು ನೋಡಿ. ಮೊದಲನೆಯದಕ್ಕೆ 6, ಎರಡನೆಯದಕ್ಕೆ 7.8. ಅಂದರೆ ಶೇ 100 ತೆಗೆದ ಸಿನಿಮಾಕ್ಕಿಂತ ಶೇ 70 ತೆಗೆದದ್ದನ್ನೇ ವಿಮರ್ಶಕರು ಜಾಸ್ತಿ ಮೆಚ್ಚಿದ್ದಾರೆ.

ಈ ಅಂಕಿ ಅಳೆಯೋದು ಅಗಲವನ್ನು. ಮೆಟಾಕ್ರಿಟಿಕ್ ಅನ್ನುವ ಇನ್ನೊಂದು ತಾಣ ಪ್ರತಿ ವಿಮರ್ಶೆಯನ್ನೂ ನೂರಕ್ಕೆ ಇಷ್ಟು ಅಂತ ಅಂಕಿಯಾಗಿ ಬದಲಿಸಿ, ಕೆಲವು ವಿಮರ್ಶಕರ ಮಾತಿಗೆ ಹೆಚ್ಚು ತೂಕ ಕೊಟ್ಟು ಸರಾಸರಿ ತೆಗೆಯುತ್ತದೆ. ಅಲ್ಲಿ ಆಳಕ್ಕೂ ಸ್ವಲ್ಪ ಬೆಲೆ ಇದೆ. ಅನಿಮೇಷನ್ ಚಿತ್ರಗಳು ರಾಟನ್ ಟೊಮೆಟೋಸ್‌ನಲ್ಲಿ ಮಿಂಚೋದಕ್ಕೆ ಅಗಲವೇ ಒಂದು ಕಾರಣ ಅಂತ ನನಗನ್ನಿಸುತ್ತದೆ. 'ಟಾಯ್ ಸ್ಟೋರಿ'ಯ ಮೊದಲ ಎರಡೂ ಭಾಗಗಳಿಗೆ ಅಲ್ಲಿ ಶೇ 100 ಇದೆ. ಕತೆ ತಿದ್ದಿ ತಿದ್ದಿ ಮಾಡಿದ ಸಿನಿಮಾಗಳು ಅವು. ಬೇಡ ಅನ್ನೋಕೆ ಕಾರಣ ಹುಡುಕೋದೇ ಕಷ್ಟ.

ಇನ್ನು ಪ್ರೇಕ್ಷಕರ ಲೆಕ್ಕವೇ ಬೇರೆ. ಅಮೆರಿಕದಲ್ಲಿ ಸಿನೆಮಾಸ್ಕೋರ್ ಅನ್ನುವ ಸಂಸ್ಥೆ ಬಿಡುಗಡೆಯ ದಿನವೇ ಚಿತ್ರಮಂದಿರದಲ್ಲಿ ಪ್ರೇಕ್ಷಕರ ಕೈಗೆ ಕಾರ್ಡು ಕೊಟ್ಟು ದರ್ಜೆ ಕೇಳುತ್ತದೆ. ಎ ಪ್ಲಸ್‌ನಿಂದ ಎಫ್‌ವರೆಗೆ. ಮೊದಲ ದಿನವೇ ಟಿಕೆಟ್ ತೆಗೆದು ಬಂದವರು ಆ ಸಿನಿಮಾ ಬೇಕು ಅಂತಲೇ ಬಂದವರು, ಅಲ್ವಾ? ವಿಮರ್ಶಕರು ಹಾಗಲ್ಲ. ಇಷ್ಟ ಇರಲಿ ಬಿಡಲಿ, ಎಲ್ಲವನ್ನೂ ನೋಡೋದು ಅವರ ಕೆಲಸ. 2019ರ 'ಲಯನ್ ಕಿಂಗ್' ತಗೊಳ್ಳಿ. ವಿಮರ್ಶಕರಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಮಾತ್ರ ಒಪ್ಪಿದರು. ಮೊದಲ ದಿನದ ಪ್ರೇಕ್ಷಕರು ಎ ದರ್ಜೆ ಕೊಟ್ಟರು. ಗಳಿಕೆ 160 ಕೋಟಿ ಡಾಲರ್ ದಾಟಿತು. ಇವರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಕೇಳಿದ ಪ್ರಶ್ನೆ ಬೇರೆ, ಕೇಳಿಸಿಕೊಂಡವರು ಬೇರೆ.

ವಿಮರ್ಶಕರಿಗೆ ಅನಿಮೇಷನ್ ಅಂದರೆ ತಾತ್ಸಾರ ಅನ್ನುವ ಮಾತಿಗೂ ಇಲ್ಲೇ ಒಂದು ಉತ್ತರ ಹೇಳಿಬಿಡ್ತೀನಿ. 2008ರಲ್ಲಿ ಲಾಸ್ ಏಂಜಲೀಸ್‌ನ ಚಿತ್ರ ವಿಮರ್ಶಕರ ಸಂಘ ಆ ವರ್ಷದ ಅತ್ಯುತ್ತಮ ಚಿತ್ರ ಅಂತ ಆರಿಸಿದ್ದು 'ವಾಲ್-ಇ'ಯನ್ನು. ಕಸ ಬಾಚುವ ಒಂದು ಪುಟ್ಟ ರೋಬೋಟ್‌ನ ಕತೆ. ಅನಿಮೇಷನ್ ವಿಭಾಗದಲ್ಲಿ ಆರಿಸಿದ್ದಲ್ಲ, ಎಲ್ಲ ಸಿನಿಮಾಗಳ ನಡುವೆ ಆರಿಸಿದ್ದು. ಅದೇ 'ವಾಲ್-ಇ' ಆಸ್ಕರ್‌ನ ಅತ್ಯುತ್ತಮ ಚಿತ್ರದ ಪಟ್ಟಿಗೆ ಬರಲಿಲ್ಲ. ಹಾಗಾದರೆ ಅಲ್ಲಿ ಅಡ್ಡ ಬಂದದ್ದು ಏನು?

ಬಾಗಿಲಲ್ಲೇ ಸಿಕ್ಕಿಕೊಳ್ಳೋದು

ಆ ವರ್ಷ ಇನ್ನೊಂದು ಸಿನಿಮಾಕ್ಕೂ ಇದೇ ಗತಿ ಆಯಿತು. 'ದ ಡಾರ್ಕ್ ನೈಟ್'. 100 ಕೋಟಿ ಡಾಲರ್ ದಾಟಿದ ಗಳಿಕೆ, ವಿಮರ್ಶಕರ ಹೊಗಳಿಕೆ, ಎಂಟು ನಾಮಿನೇಷನ್. ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿ ಮಾತ್ರ ಇಲ್ಲ. ಆಗ ಆ ಪಟ್ಟಿಯಲ್ಲಿ ಇದ್ದದ್ದು ಐದೇ ಜಾಗ. 1944ರ ಚಿತ್ರಗಳಿಂದ ಹಿಡಿದು ಆವರೆಗೂ ಹಾಗೇ ನಡೆದುಬಂದಿತ್ತು. ಜನರಿಗೆ ಸಿಟ್ಟು ಬಂತು. 2009ರ ಜೂನ್‌ನಲ್ಲಿ ಆಸ್ಕರ್ ಕೊಡುವ ಸಂಸ್ಥೆಯಾದ ಅಕಾಡೆಮಿ ಐದನ್ನು ಹತ್ತು ಮಾಡಿತು. ಆ ಚರ್ಚೆಯಲ್ಲಿ 'ಡಾರ್ಕ್ ನೈಟ್' ಹೆಸರು ಬಂದದ್ದು ನಿಜ ಅಂತ ಅಂದಿನ ಅಧ್ಯಕ್ಷ ಸಿಡ್ ಗ್ಯಾನಿಸ್ ಒಪ್ಪಿಕೊಂಡರು.

ಬಾಗಿಲು ಅಗಲವಾದ ಕೂಡಲೇ ಏನಾಯಿತು ನೋಡಿ. ಮೊದಲ ವರ್ಷವೇ 'ಅಪ್' ಒಳಗೆ ಬಂತು. ಎರಡನೇ ವರ್ಷ 'ಟಾಯ್ ಸ್ಟೋರಿ 3'. ಆಮೇಲೆ 2011ರಲ್ಲಿ ನಿಯಮ ಮತ್ತೆ ಬದಲಾಯಿತು. ಐದರಿಂದ ಹತ್ತರ ನಡುವೆ ಎಷ್ಟು ಬೇಕಾದರೂ ಚಿತ್ರ ಇರಬಹುದು, ಆದರೆ ಪ್ರತಿ ಚಿತ್ರಕ್ಕೂ ಮೊದಲ ಸ್ಥಾನದ ಮತಗಳಲ್ಲಿ ಶೇ 5 ಆದರೂ ಬೇಕು ಅಂತ ಮಾಡಿದರು. ಮತ್ತೆ ಒಂದೂ ಅನಿಮೇಷನ್ ಚಿತ್ರ ಆ ಬಾಗಿಲು ದಾಟಿಲ್ಲ.

'ಮೊದಲ ಸ್ಥಾನದ ಮತ'. ಇಡೀ ಕತೆ ಇರೋದು ಈ ಮಾತಿನಲ್ಲಿ. ನಾಮಿನೇಷನ್ ಸುತ್ತಿನಲ್ಲಿ ಸದಸ್ಯರು ತಮಗಿಷ್ಟವಾದ ಚಿತ್ರಗಳನ್ನು ಒಂದು, ಎರಡು, ಮೂರು ಅಂತ ಕ್ರಮವಾಗಿ ಬರೆಯುತ್ತಾರೆ. ಎಣಿಕೆ ಶುರುವಾಗೋದು ಮೊದಲ ಸಾಲಿನಿಂದ. ಯಾರ ಚೀಟಿಯಲ್ಲೂ ಮೊದಲ ಸಾಲಿನಲ್ಲಿ ಇಲ್ಲದ ಚಿತ್ರ ಆಗಲೇ ಹೊರಗೆ. ಒಂದು ಅನಿಮೇಷನ್ ಚಿತ್ರವನ್ನು ಸಾವಿರಾರು ಸದಸ್ಯರು ಮನಸಾರೆ ಮೆಚ್ಚಿ ನಾಲ್ಕನೇ ಜಾಗದಲ್ಲಿ ಬರೆದರೂ ಅದು ಉಳಿಯಲ್ಲ. ಅದೇ ಇನ್ನೊಂದು ಚಿಕ್ಕ ಚಿತ್ರಕ್ಕಾಗಿ ಪ್ರಾಣ ಬಿಡುವ ಕೆಲವೇ ನೂರು ಜನ ಇದ್ದರೆ ಸಾಕು, ಅದು ಒಳಗೆ ಬರುತ್ತದೆ. ಅಂದರೆ ಈ ಸುತ್ತು ಕೇಳೋದು ಆಳವನ್ನು. ಅನಿಮೇಷನ್ ಚಿತ್ರದ ಬಲ ಇರೋದು ಅಗಲದಲ್ಲಿ.

ನೋವಿನ ವಿಷಯ ಏನು ಗೊತ್ತಾ? ಕೊನೆಯ ಸುತ್ತಿನ ಎಣಿಕೆ ಇದಕ್ಕೆ ಉಲ್ಟಾ. ಅಲ್ಲಿ ಗೆಲ್ಲೋದು ಹೆಚ್ಚು ಜನ ಒಪ್ಪುವ ಚಿತ್ರ. ನೂರು ಮತದಾರರು, ಮೂರು ಚಿತ್ರ ಅಂತ ಇಟ್ಟುಕೊಳ್ಳೋಣ. ಕ ಅನ್ನುವ ಚಿತ್ರವನ್ನು 40 ಜನ ಮೊದಲು ಬರೆದರು, ಉಳಿದ 60 ಜನ ಕೊನೆಗೆ ತಳ್ಳಿದರು. ಖ ಚಿತ್ರಕ್ಕೆ 35 ಮೊದಲ ಮತ. ಗ ಚಿತ್ರಕ್ಕೆ 25. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬಂದಿಲ್ಲ. ಆದ್ದರಿಂದ ಕಡಿಮೆ ಮತ ಬಂದ ಗ ಹೊರಗೆ. ಆ 25 ಚೀಟಿಗಳನ್ನು ಎಸೆಯಲ್ಲ. ಅವುಗಳ ಎರಡನೇ ಸಾಲು ನೋಡುತ್ತಾರೆ. ಎಲ್ಲದರಲ್ಲೂ ಖ ಇದೆ. 35ಕ್ಕೆ 25 ಸೇರಿ 60 ಆಯಿತು. ಖ ಗೆದ್ದಿತು. ಮೊದಲು ಮುಂದಿದ್ದ ಕ 40ರಲ್ಲೇ ನಿಂತಿತು.

ಈ ಎಣಿಕೆ ಇರೋದು ಅತ್ಯುತ್ತಮ ಚಿತ್ರಕ್ಕೆ ಮಾತ್ರ. ನಟನೆ, ನಿರ್ದೇಶನ ಮುಂತಾದವುಗಳಲ್ಲಿ ಯಾರಿಗೆ ಜಾಸ್ತಿ ಓಟೋ ಅವರೇ ಗೆದ್ದಂತೆ. ಹಾಗಾಗಿ ದೊಡ್ಡ ಸಿನಿಮಾಗಳಿಗೆ ಅಪಾಯ ಇರೋದು ಕೊನೆಯ ಸುತ್ತಿನಲ್ಲಿ. ಒಂದಷ್ಟು ಜನ ಎದೆಗಪ್ಪಿಕೊಂಡು, ಮತ್ತೊಂದಷ್ಟು ಜನ ಮುಖ ತಿರುಗಿಸಿದರೆ ಕಷ್ಟ. 2010ರ ಸಮಾರಂಭದಲ್ಲಿ 'ಅವತಾರ್' ಮತ್ತು 'ದ ಹರ್ಟ್ ಲಾಕರ್' ಎರಡಕ್ಕೂ ಒಂಬತ್ತೊಂಬತ್ತು ನಾಮಿನೇಷನ್. ಒಂದು ಆವರೆಗಿನ ಎಲ್ಲ ಗಳಿಕೆಯ ದಾಖಲೆ ಮುರಿದ ಸಿನಿಮಾ. ಇನ್ನೊಂದನ್ನು ಚಿತ್ರಮಂದಿರಕ್ಕೆ ಹೋಗಿ ನೋಡಿದವರೇ ಕಡಿಮೆ. ಅತ್ಯುತ್ತಮ ಚಿತ್ರ ಸೇರಿ ಆರು ಪ್ರಶಸ್ತಿ ಸಿಕ್ಕಿದ್ದು ಚಿಕ್ಕದಕ್ಕೆ. 'ಅವತಾರ್'ಗೆ ಮೂರು, ಅವೂ ಛಾಯಾಗ್ರಹಣ, ಕಲೆ, ದೃಶ್ಯ ಪರಿಣಾಮಗಳಿಗೆ. ಅಕಾಡೆಮಿ ಮತಗಳ ಲೆಕ್ಕ ಹೊರಗೆ ಬಿಡಲ್ಲ, ಆದ್ದರಿಂದ ಇದೇ ಕಾರಣ ಅಂತ ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೆ ಈ ಎಣಿಕೆ ಯಾರ ಕಡೆಗೆ ವಾಲುತ್ತದೆ ಅನ್ನೋದು ಸ್ಪಷ್ಟ.

ದೊಡ್ಡ ಸಿನಿಮಾ ಗೆಲ್ಲೋದೇ ಇಲ್ಲ ಅಂತಲೂ ಅಲ್ಲ. 'ಟೈಟಾನಿಕ್'ಗೆ 11 ಆಸ್ಕರ್. 'ಲಾರ್ಡ್ ಆಫ್ ದ ರಿಂಗ್ಸ್' ಮೂರನೇ ಭಾಗಕ್ಕೂ 11, ನಾಮಿನೇಷನ್ ಬಂದ ಎಲ್ಲದರಲ್ಲೂ ಗೆಲುವು. 2023ರ 'ಓಪನ್‌ಹೈಮರ್' ಏಳು ಗೆದ್ದಿತು. ಅದೇ ವರ್ಷ ಅದಕ್ಕಿಂತ ಜಾಸ್ತಿ ಗಳಿಸಿದ 'ಬಾರ್ಬಿ'ಗೆ ಎಂಟು ನಾಮಿನೇಷನ್ ಬಂದು ಕೊನೆಗೆ ಸಿಕ್ಕಿದ್ದು ಹಾಡಿಗೆ ಒಂದು. ಯುದ್ಧ, ಇತಿಹಾಸ, ದುರಂತ ಇದ್ದರೆ ದೊಡ್ಡ ಬಜೆಟ್ ಕ್ಷಮಿಸುತ್ತಾರೆ. ನಗು ಇದ್ದರೆ ಕ್ಷಮಿಸೋದು ಕಷ್ಟ. ಇದು ನಿಯಮದಲ್ಲಿ ಬರೆದಿಲ್ಲ, ಅಭ್ಯಾಸದಲ್ಲಿದೆ.

2021ರ ಚಿತ್ರಗಳಿಂದ ಪಟ್ಟಿ ಮತ್ತೆ ಖಾಯಂ ಹತ್ತು ಆಗಿದೆ. ಆದರೂ ಅನಿಮೇಷನ್ ಒಳಗೆ ಬಂದಿಲ್ಲ. ಆದ್ದರಿಂದ ಎಲ್ಲವನ್ನೂ ಎಣಿಕೆಯ ತಲೆಗೆ ಕಟ್ಟೋಕಾಗಲ್ಲ. ಇನ್ನೊಂದು ಕಾರಣ ಇದೆ.

ಪಕ್ಕದ ಕೋಣೆ

2002ರ ಮಾರ್ಚ್‌ನಲ್ಲಿ ಆಸ್ಕರ್ ಮೊದಲ ಬಾರಿ ಅತ್ಯುತ್ತಮ ಅನಿಮೇಷನ್ ಚಿತ್ರ ಅಂತ ಪ್ರತ್ಯೇಕ ಪ್ರಶಸ್ತಿ ಕೊಟ್ಟಿತು. ಗೆದ್ದದ್ದು 'ಶ್ರೆಕ್'. ಇದರಿಂದ ಒಳ್ಳೆಯದೂ ಆಗಿದೆ. ಮರುವರ್ಷವೇ ಹಯಾವೋ ಮಿಯಾಝಾಕಿಯವರ 'ಸ್ಪಿರಿಟೆಡ್ ಅವೇ' ಗೆದ್ದಿತು. ಆ ವಿಭಾಗ ಇರದಿದ್ದರೆ ಜಪಾನಿನ ಆ ಚಿತ್ರದ ಹೆಸರು ಆ ವೇದಿಕೆಯಲ್ಲಿ ಕೇಳುತ್ತಿತ್ತು ಅಂತ ನನಗನ್ನಿಸಲ್ಲ.

ಆದರೆ ಪಕ್ಕದಲ್ಲಿ ಕೋಣೆ ಕಟ್ಟಿಕೊಟ್ಟರೆ ಪಡಸಾಲೆಗೆ ಕರೆಯೋದು ಮರೆತುಹೋಗುತ್ತದೆ. 'ಅದಕ್ಕೆ ಅಲ್ಲಿ ಸಿಗುತ್ತಲ್ಲ, ಇಲ್ಲಿ ಯಾಕೆ ಓಟು ವ್ಯರ್ಥ ಮಾಡೋದು' ಅಂತ ಮತದಾರ ಯೋಚಿಸೋದು ಸಹಜ. ಹಾಲಿವುಡ್‌ನ ಇನ್ನೊಂದು ದೊಡ್ಡ ಪ್ರಶಸ್ತಿಯಾದ ಗೋಲ್ಡನ್ ಗ್ಲೋಬ್‌ನಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆಯಿತು. ಅಲ್ಲಿ 'ಬ್ಯೂಟಿ ಅಂಡ್ ದ ಬೀಸ್ಟ್', 1994ರ 'ಲಯನ್ ಕಿಂಗ್', 'ಟಾಯ್ ಸ್ಟೋರಿ 2' ಮೂರೂ ಸಂಗೀತ ಅಥವಾ ಹಾಸ್ಯ ವಿಭಾಗದ ಅತ್ಯುತ್ತಮ ಚಿತ್ರ ಅಂತ ಗೆದ್ದಿದ್ದವು. ನಟರಿರುವ ಸಿನಿಮಾಗಳನ್ನು ಸೋಲಿಸಿ! 2007ರ ಜನವರಿಯಲ್ಲಿ ಅನಿಮೇಷನ್‌ಗೆ ಬೇರೆ ವಿಭಾಗ ಬಂತು. ಅದರ ಜೊತೆಗೇ ದೊಡ್ಡ ವಿಭಾಗಗಳಿಗೆ ಅನಿಮೇಷನ್ ಚಿತ್ರಗಳು ಅರ್ಹವಲ್ಲ ಅಂತಾಯಿತು. ಆ ಬೀಗ ತೆಗೆಯೋಕೆ 2021ರವರೆಗೆ ಕಾಯಬೇಕಾಯಿತು.

ಯಾವುದು ಅನಿಮೇಷನ್ ಅನ್ನೋದೇ ಒಂದು ತಕರಾರು. ಅಕಾಡೆಮಿ ಪ್ರಕಾರ ಸಿನಿಮಾ 40 ನಿಮಿಷಕ್ಕಿಂತ ಉದ್ದ ಇರಬೇಕು, ಅದರಲ್ಲಿ ಶೇ 75ರಷ್ಟಾದರೂ ಅನಿಮೇಷನ್ ಇರಬೇಕು. ನಟರ ಚಲನೆಯನ್ನು ಯಂತ್ರದಲ್ಲಿ ಹಿಡಿದಿಡೋದು ಒಂದೇ ಅನಿಮೇಷನ್ ಆಗಲ್ಲ. ಆಗಲೇ ಹೇಳಿದ 2019ರ 'ಲಯನ್ ಕಿಂಗ್'ನಲ್ಲಿ ನಿಜವಾದ ಕ್ಯಾಮೆರಾದಿಂದ ತೆಗೆದ ಶಾಟ್ ಒಂದೇ ಒಂದು. ಉಳಿದದ್ದೆಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದು. ಹುಲ್ಲು, ಮಣ್ಣು, ಸಿಂಹದ ಮೀಸೆ ಎಲ್ಲ. ಗೋಲ್ಡನ್ ಗ್ಲೋಬ್ ಅದನ್ನು ಅನಿಮೇಷನ್ ವಿಭಾಗಕ್ಕೆ ಹಾಕಿತು. ಆಸ್ಕರ್‌ಗೆ ಸ್ಟುಡಿಯೋ ಅದನ್ನು ಅನಿಮೇಷನ್ ಅಂತ ಕಳಿಸಲೇ ಇಲ್ಲ. ಅಲ್ಲಿ ದೃಶ್ಯ ಪರಿಣಾಮಗಳಿಗೆ ನಾಮಿನೇಷನ್ ಬಂತು. ಅನಿಮೇಷನ್ ಅಂತ ಹೆಸರು ಹಾಕಿಸಿಕೊಳ್ಳೋಕೆ ಸ್ಟುಡಿಯೋಗಳೇ ಹಿಂಜರಿಯುತ್ತವೆ ಅಂದರೆ ಆ ಕೋಣೆಗೆ ಇರುವ ಮರ್ಯಾದೆ ಗೊತ್ತಾಗುತ್ತದೆ.

ಮತ್ತೆ, ಓಟು ಹಾಕೋರು ಯಾರು? ಅಕಾಡೆಮಿಯ ಸದಸ್ಯರು ಕಸುಬಿನ ಪ್ರಕಾರ ಶಾಖೆಗಳಲ್ಲಿದ್ದಾರೆ. ಅತ್ಯುತ್ತಮ ಚಿತ್ರ ಬಿಟ್ಟರೆ ನಾಮಿನೇಷನ್ ಬಹುಮಟ್ಟಿಗೆ ಆಯಾ ಶಾಖೆಯದ್ದು. ನಟರನ್ನು ನಟರು, ನಿರ್ದೇಶಕರನ್ನು ನಿರ್ದೇಶಕರು ಆರಿಸುತ್ತಾರೆ. ಎಲ್ಲಕ್ಕಿಂತ ದೊಡ್ಡದು ನಟರ ಶಾಖೆ. ಬರೀ ದನಿ ಕೊಟ್ಟದ್ದಕ್ಕೆ ನಟನೆಯ ನಾಮಿನೇಷನ್ ಈವರೆಗೆ ಯಾರಿಗೂ ಬಂದಿಲ್ಲ. ಅನಿಮೇಷನ್ ಚಿತ್ರದ ನಿರ್ದೇಶಕರಿಗೆ ಅತ್ಯುತ್ತಮ ನಿರ್ದೇಶಕ ಪಟ್ಟಿಯಲ್ಲಿ ಒಮ್ಮೆಯೂ ಜಾಗ ಸಿಕ್ಕಿಲ್ಲ. ಚಿತ್ರಕತೆಗೆ ನಾಮಿನೇಷನ್ ಬಂದಿವೆ, 'ಟಾಯ್ ಸ್ಟೋರಿ'ಯಿಂದಲೇ ಶುರು. ಗೆಲುವು ಒಂದೂ ಇಲ್ಲ. ಸುಲಭವಾಗಿ ಸಿಗೋದು ಸಂಗೀತ ಮತ್ತು ಹಾಡು. ಅವನ್ನು ಕಣ್ಣು ಮುಚ್ಚಿಕೊಂಡೂ ಮೆಚ್ಚಬಹುದಲ್ಲ.

ಇಲ್ಲಿ ನನಗೆ ನಿಜಕ್ಕೂ ಬೇಜಾರಾಗುತ್ತದೆ. 'ಅಪ್' ಶುರುವಿನ ಆ ಕೆಲವು ನಿಮಿಷ ನೆನಪಿದೆಯಾ? ಮದುವೆ, ಹೊಸ ಮನೆ, ಪ್ರವಾಸಕ್ಕೆ ಅಂತ ಗಾಜಿನ ಭರಣಿಯಲ್ಲಿ ಕೂಡಿಟ್ಟ ಕಾಸು, ಪ್ರತಿ ಸಲ ಯಾವುದೋ ಖರ್ಚಿಗೆ ಒಡೆಯುವ ಭರಣಿ, ಆಸ್ಪತ್ರೆ, ಒಂಟಿತನ. ಒಂದು ಮಾತೂ ಇಲ್ಲ. ಗಂಡ ದಿನಾ ಟೈ ಕಟ್ಟಿಸಿಕೊಳ್ಳುತ್ತಾನೆ. ಟೈ ಬದಲಾಗುತ್ತಾ ಹೋಗುತ್ತದೆ, ಕೂದಲು ಬಿಳಿಯಾಗುತ್ತದೆ. ಒಂದು ಬದುಕಿನಷ್ಟು ಕಾಲ ಅಷ್ಟರಲ್ಲೇ ಕಳೆದುಹೋಗುತ್ತದೆ. ಎಲ್ಲಿ ಕತ್ತರಿಸಬೇಕು, ಬೆಳಕು ಎಲ್ಲಿಂದ ಬರಬೇಕು, ಮುಖ ಎಷ್ಟು ಹೊತ್ತು ಕಾಣಬೇಕು ಅಂತ ಯಾರೋ ಕೂತು ನಿರ್ಧರಿಸಿದ್ದಾರೆ. ಅದಕ್ಕೆ ನಿರ್ದೇಶನ ಅನ್ನದೆ ಇನ್ನೇನನ್ನಬೇಕು? ಕ್ಯಾಮೆರಾ ಕೆಲಸಕ್ಕೆ ಹೆಸರಾದ ರೋಜರ್ ಡೀಕಿನ್ಸ್ 'ವಾಲ್-ಇ'ಗೆ ಬೆಳಕಿನ ವಿಷಯದಲ್ಲಿ ಸಲಹೆ ಕೊಟ್ಟಿದ್ದರು. ಅಂದರೆ ಕಸುಬು ಒಂದೇ ಅಂತ ಕಸುಬುದಾರರಿಗೆ ಗೊತ್ತು. 2023ರಲ್ಲಿ 'ಪಿನೋಕಿಯೋ'ಗೆ ಪ್ರಶಸ್ತಿ ತಗೊಂಡಾಗ ಅದರ ನಿರ್ದೇಶಕ ಗಿಯೆರ್ಮೊ ಡೆಲ್ ಟೊರೊ ಹೇಳಿದ್ದೂ ಅದನ್ನೇ, ಅನಿಮೇಷನ್ ಕೂಡ ಸಿನಿಮಾನೇ ಅಂತ.

ಇದೇ ಪಕ್ಕದ ಕೋಣೆಯನ್ನು ದೊಡ್ಡ ಸಿನಿಮಾಗಳಿಗೂ ಕಟ್ಟೋಕೆ ಒಮ್ಮೆ ಹೊರಟಿದ್ದರು. 1998ರಲ್ಲಿ 'ಟೈಟಾನಿಕ್' ಗೆದ್ದ ಸಮಾರಂಭವನ್ನು ಅಮೆರಿಕದಲ್ಲಿ 5.5 ಕೋಟಿ ಜನ ಟಿವಿಯಲ್ಲಿ ನೋಡಿದ್ದರು. 2018ರಲ್ಲಿ ಅದು 2.65 ಕೋಟಿಗೆ ಇಳಿಯಿತು. ಗಾಬರಿಯಾದ ಅಕಾಡೆಮಿ ಆ ಆಗಸ್ಟ್‌ನಲ್ಲಿ ಜನಪ್ರಿಯ ಚಿತ್ರಕ್ಕೆ ಬೇರೆ ಪ್ರಶಸ್ತಿ ಅಂತ ಘೋಷಿಸಿತು. ಜನಪ್ರಿಯ ಆದ ಮಾತ್ರಕ್ಕೆ ಅತ್ಯುತ್ತಮ ಆಗಬಾರದಾ ಅಂತ ಎಲ್ಲ ಕಡೆಯಿಂದ ಪ್ರಶ್ನೆ ಬಂತು. ಒಂದು ತಿಂಗಳೊಳಗೆ ಅದನ್ನು ಕೈಬಿಟ್ಟರು. ಆ ವರ್ಷವೇ 'ಬ್ಲ್ಯಾಕ್ ಪ್ಯಾಂಥರ್' ಅತ್ಯುತ್ತಮ ಚಿತ್ರದ ಪಟ್ಟಿಗೆ ಬಂದ ಮೊದಲ ಸೂಪರ್‌ಹೀರೋ ಸಿನಿಮಾ ಆಯಿತು, ಮೂರು ಪ್ರಶಸ್ತಿಯನ್ನೂ ಗೆದ್ದಿತು. ಬೇರೆ ಕೋಣೆ ಇದ್ದಿದ್ದರೆ ಅದನ್ನು ಅಲ್ಲೇ ಕೂರಿಸುತ್ತಿದ್ದರು ಅಂತ ನನ್ನ ಅನುಮಾನ. ಗೋಲ್ಡನ್ ಗ್ಲೋಬ್ ಮಾತ್ರ 2024ರಿಂದ ಗಳಿಕೆಯ ಸಾಧನೆಗೆ ಅಂತಲೇ ಪ್ರಶಸ್ತಿ ಕೊಡುತ್ತಿದೆ. ಮೊದಲನೆಯದು 'ಬಾರ್ಬಿ'ಗೆ.

ಈಗ ಆ ಅನಿಮೇಷನ್ ಕೋಣೆಯ ಒಳಗೇ ಒಮ್ಮೆ ಇಣುಕೋಣ. ಅಲ್ಲೂ ಬಹಳ ಕಾಲ ಒಂದೇ ಮನೆಯವರ ದರ್ಬಾರು. 2007ರಿಂದ 2021ರವರೆಗಿನ 15 ವರ್ಷಗಳ ಚಿತ್ರಗಳಲ್ಲಿ 13 ಸಲ ಗೆದ್ದದ್ದು ಡಿಸ್ನಿ ಅಥವಾ ಡಿಸ್ನಿಯದ್ದೇ ಸ್ಟುಡಿಯೋ ಪಿಕ್ಸಾರ್. ಕೊನೆಯ ಸುತ್ತಿನಲ್ಲಿ ಎಲ್ಲ ಶಾಖೆಯ ಸದಸ್ಯರೂ ಓಟು ಹಾಕುತ್ತಾರೆ. ಪೂರ್ತಿ ನೋಡದೆ, ಮನೆಯಲ್ಲಿ ಮಕ್ಕಳು ಹಾಕಿಕೊಂಡ ಚಿತ್ರಕ್ಕೇ ಮತ ಕೊಟ್ಟೆ ಅಂತ ಕೆಲವರು ಹೆಸರು ಹೇಳದೆ ಪತ್ರಿಕೆಗಳ ಮುಂದೆ ಒಪ್ಪಿಕೊಂಡದ್ದೂ ಇದೆ. 2025ರ ಏಪ್ರಿಲ್‌ನಲ್ಲಿ ಅಕಾಡೆಮಿ ಒಂದು ನಿಯಮ ತಂತು. ಒಂದು ವಿಭಾಗದ ಎಲ್ಲ ಚಿತ್ರಗಳನ್ನೂ ನೋಡದೆ ಆ ವಿಭಾಗದಲ್ಲಿ ಕೊನೆಯ ಓಟು ಹಾಕುವಂತಿಲ್ಲ ಅಂತ. ಇಷ್ಟು ದಿನ ಇದು ಇರಲಿಲ್ಲ ಅಂದರೆ ಆಶ್ಚರ್ಯವಾಗುತ್ತದೆ, ಅಲ್ವಾ?

ಆ ನಿಯಮಕ್ಕೂ ಮೊದಲೇ ಗಾಳಿ ಬದಲಾಗಿತ್ತು. 2024ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಗಳಿಸಿದ ಸಿನಿಮಾ 'ಇನ್‌ಸೈಡ್ ಔಟ್ 2', 160 ಕೋಟಿ ಡಾಲರ್‌ಗೂ ಜಾಸ್ತಿ. ಅದರ ಎದುರಿಗೆ ನಿಂತದ್ದು ಲಾಟ್ವಿಯಾ ಅನ್ನುವ ಪುಟ್ಟ ದೇಶದ 'ಫ್ಲೋ'. ಖರ್ಚು ಸುಮಾರು 35 ಲಕ್ಷ ಯೂರೋ. ನಿರ್ದೇಶಕ ಗಿಂಟ್ಸ್ ಝಿಲ್ಬಾಲೋಡಿಸ್ ಅದನ್ನು ಮಾಡಿದ್ದು ಬ್ಲೆಂಡರ್‌ನಲ್ಲಿ, ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದಾದ ತಂತ್ರಾಂಶ ಅದು. ಪ್ರವಾಹದಲ್ಲಿ ಕೊಚ್ಚಿಹೋಗುವ ಒಂದು ದೋಣಿ. ಅದರಲ್ಲಿ ಒಂದು ಬೆಕ್ಕು, ಒಂದಷ್ಟು ಪ್ರಾಣಿಗಳು. ಮಾತೇ ಇಲ್ಲ. ಪ್ರಾಣಿಗಳು ಪ್ರಾಣಿಗಳ ದನಿಯಲ್ಲೇ ಕೂಗುತ್ತವೆ. ಹೆಸರಾಂತ ನಟರ ದನಿಯೂ ಇಲ್ಲ, ನಗೆಚಟಾಕಿಯೂ ಇಲ್ಲ. 2025ರ ಜನವರಿಯಲ್ಲಿ ಗೋಲ್ಡನ್ ಗ್ಲೋಬ್, ಮಾರ್ಚ್‌ನಲ್ಲಿ ಆಸ್ಕರ್, ಎರಡೂ ಅದಕ್ಕೇ. ಲಾಟ್ವಿಯಾಕ್ಕೆ ಸಿಕ್ಕ ಮೊದಲ ಆಸ್ಕರ್ ಅದು. ಗ್ಲೋಬ್ ಬಂದ ಹೊಸದರಲ್ಲಿ ಆ ಪ್ರತಿಮೆಯನ್ನು ರಾಜಧಾನಿ ರಿಗಾದ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿ ಇಟ್ಟರು. ಆ ಚಳಿಗಾಲದಲ್ಲಿ ಜನ ಸಾಲುಗಟ್ಟಿ ನಿಂತು ಅದನ್ನು ನೋಡಿಕೊಂಡು ಹೋದರು.